ಎಕ್ಸಿಬಿಷನ್‌ನಲ್ಲಿ ನೋಡಿದ್ದು ನಮ್ಮ ಶೆಡ್ಡಲ್ಲಿ ಯಾಕೆ ನಡೆಯಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಕೈಗಾರಿಕೆಯವರದ್ದೇ, ವಿಷಯಾನೂ ಹೆಚ್ಚುಕಮ್ಮಿ ಒಂದೇ: ಕಾನ್ಫರೆನ್ಸು, ಎಕ್ಸಿಬಿಷನ್ನು, ಸೆಮಿನಾರು ಅಂತ ಹೋಗಿ ಬರ್ತೀವಿ, ಬಂದ್ಮೇಲೆ ಏನು ಮಾಡೋದು? ಹೆಸರು, ಕಂಪನಿ ಬಿಟ್ಟು ಆಯ್ದ ಕೆಲವಕ್ಕೆ ಉತ್ತರ ಬರೆದಿದೀನಿ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಮಷೀನ್ ಶಾಪ್ ಸಾರ್, ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಲೇತು, ಎರಡು ವಿಎಂಸಿ (ನೆಟ್ಟಗೆ ನಿಂತ ಸ್ಪಿಂಡಲ್‌ನ ಮಿಲ್ಲಿಂಗ್ ಮಷೀನ್). ಅಪ್ಪ ಶುರು ಮಾಡಿದ್ದು, ಈಗ ನಾನೂ ಸೇರ್ಕೊಂಡಿದೀನಿ. ಪ್ರತಿ ಇಮ್‌ಟೆಕ್ಸ್ ಮಷೀನ್ ಎಕ್ಸಿಬಿಷನ್‌ಗೂ ಹೋಗ್ತೀವಿ, ಪಕ್ಕದಲ್ಲಿ ನಡೆಯೋ ಸೆಮಿನಾರ್ ಕೂಡ ಕೇಳ್ತೀವಿ, ಬ್ಯಾಗ್ ತುಂಬ ಕ್ಯಾಟಲಾಗ್ ತರ್ತೀವಿ. ಒಂದು ವಾರ ಮನೇಲಿ ಅದೇ ಮಾತು, ಆಮೇಲೆ ಡಿಸ್ಪ್ಯಾಚ್ ಟೆನ್ಷನ್ನಲ್ಲಿ ಎಲ್ಲ ಮರೆತೋಗತ್ತೆ. ಹೋಗೋದೇ ವೇಸ್ಟಾ? (ಪೀಣ್ಯ, ಬೆಂಗಳೂರು)

ಉತ್ತರ: ವೇಸ್ಟ್ ಖಂಡಿತ ಅಲ್ಲ. ಬೇರೆ ಊರಿನವರು ಟ್ರೈನ್ ಹತ್ತಿ, ರೂಮ್ ಮಾಡ್ಕೊಂಡು ಬಂದು ನೋಡೋದು ನಿಮಗೆ ಮನೆ ಬಾಗಿಲಲ್ಲೇ ಇದೆ. ಮಾದಾವರದವರೆಗೆ ಮೆಟ್ರೋ ಶುರುವಾದ್ಮೇಲೆ ಪೀಣ್ಯದಿಂದ ಇಮ್‌ಟೆಕ್ಸ್ ನಡೆಯೋ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ಗೆ ಗಾಡಿ ತೆಗೆಯೋದೂ ಬೇಡ. ಬೆಸ ವರ್ಷಗಳಲ್ಲಿ ಕಟಿಂಗ್ (ಲೋಹ ಕಡಿಯೋ) ಮಷೀನ್‌ಗಳದ್ದು, ಸಮ ವರ್ಷಗಳಲ್ಲಿ ಫಾರ್ಮಿಂಗ್‌ದು (ಒತ್ತಿ, ಬಗ್ಗಿಸೋ ಮಷೀನ್‌ಗಳದ್ದು) ಅಂತ ನಡ್ಕೊಂಡು ಬರ್ತಿದೆ, ಹಾಗಾಗಿ ನಿಮ್ಮ ತರದ ಶಾಪ್‌ಗೆ ಮುಖ್ಯವಾದ್ದು ಎರಡು ವರ್ಷಕ್ಕೊಮ್ಮೆ ಬರೋದು. ಆ ಎರಡು ವರ್ಷದಲ್ಲಿ ನೀವು ಏನು ಸಿದ್ಧ ಮಾಡ್ಕೊಂಡಿರ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಪ್ರಶ್ನೆ ಇಲ್ದೆ ಹೋದ್ರೆ ಸ್ಟಾಲ್‌ನವರು ತೋರಿಸಿದ್ದೆಲ್ಲ ಚೆನ್ನಾಗೇ ಕಾಣತ್ತೆ, ಬಂದ್ಮೇಲೆ ಯಾವುದೂ ನಮ್ಮ ಕೆಲಸಕ್ಕೆ ಅಂಟ್ಕೊಳಲ್ಲ.

ನಿಮ್ಮಂಥ ಶಾಪ್‌ಗೆ ಒಳ್ಳೇ ಪ್ರಶ್ನೆ ಅಂದ್ರೆ ಸೆಟ್ಟಿಂಗ್ ಟೈಮ್. ಹಳೇ ಬ್ಯಾಚ್‌ನ ಕೊನೇ ಒಳ್ಳೆ ಪೀಸ್ ಇಳಿದ ಕ್ಷಣದಿಂದ ಹೊಸ ಬ್ಯಾಚ್‌ನ ಮೊದಲ ಒಳ್ಳೆ ಪೀಸ್ ಬರೋವರೆಗೆ ಎಷ್ಟು ಹೊತ್ತು ಆಗತ್ತೆ? ಇದನ್ನ ಅಪ್ಪನ್ನ ಕೇಳಿದ್ರೆ ಒಂದು ಹೇಳ್ತಾರೆ, ಆಪರೇಟರ್‌ನ ಕೇಳಿದ್ರೆ ಇನ್ನೊಂದು, ಅಳೆದು ನೋಡಿದ್ರೆ ಮೂರನೇದು. ಒಂದು ಲೇತ್ ಆರಿಸ್ಕೊಳ್ಳಿ, ಒಂದು ಸೆಟ್ಟಿಂಗ್ ಪೂರ್ತಿ ಮೊಬೈಲಲ್ಲಿ ವಿಡಿಯೋ ಮಾಡಿ. ಮಾಡೋಕ್ಮುಂಚೆ ಆಪರೇಟರ್‌ಗೆ ಕೂರಿಸಿ ಹೇಳಿ, ಇದು ನಿನ್ನ ತಪ್ಪು ಹುಡುಕೋಕಲ್ಲ, ನಿನ್ನ ಓಡಾಟ ಕಮ್ಮಿ ಮಾಡೋಕೆ ಅಂತ, ಆಮೇಲೆ ವಿಡಿಯೋನ ಅವರ ಜೊತೇಲೇ ಕೂತು ನೋಡಿ. ಏನು ಕಾಣತ್ತೆ ಗೊತ್ತಾ, ಅಲೆನ್ ಕೀಗೆ ಪಕ್ಕದ ಮಷೀನ್‌ಗೆ ಹೋಗಿದಾರೆ, ಸಾಫ್ಟ್ ಜಾ (ಚಕ್‌ನಲ್ಲಿ ಜಾಬ್ ಹಿಡಿಯೋ ಹಲ್ಲು) ಹುಡುಕೋಕೆ ರ‍್ಯಾಕ್ ಹತ್ರ ಹೋಗಿದಾರೆ, ಸಿಕ್ಕಿದ ಜಾ ಯಾವ ಜಾಬ್‌ದು ಅಂತ ಗೊತ್ತಾಗ್ದೆ ಹೊಸದನ್ನೇ ಬೋರ್ ಮಾಡ್ತಿದಾರೆ, ಇನ್ಸರ್ಟ್‌ಗೆ (ಟೂಲ್‌ನ ಕಡಿಯೋ ತುದಿಗೆ) ಸ್ಟೋರ್ ಬಾಗಿಲಲ್ಲಿ ನಿಂತಿದಾರೆ. ಎಲ್ಲ ಮುಗಿದು ಫಸ್ಟ್ ಪೀಸ್ ಕ್ಯೂಸಿ (ಕ್ವಾಲಿಟಿ ಚೆಕ್) ಟೇಬಲ್ ಮೇಲೆ ಇಟ್ಟಾಗ ಅಲ್ಲಿರೋ ಒಬ್ಬರೇ ಇನ್ಸ್‌ಪೆಕ್ಟರ್ ಡಿಸ್ಪ್ಯಾಚ್ ಲಾಟ್ ಚೆಕ್ ಮಾಡ್ತಾ ಇರ್ತಾರೆ, ಅವರು ತಲೆ ಎತ್ತೋವರೆಗೆ ಸ್ಪಿಂಡಲ್ ಸುಮ್ನೆ ನಿಂತಿರತ್ತೆ. ಎಷ್ಟೋ ಶಾಪ್‌ಗಳಲ್ಲಿ ಬೋಲ್ಟ್ ಬಿಚ್ಚಿ ಹಾಕೋ ಹೊತ್ತಿಗಿಂತ ಈ ಕಾಯೋ ಹೊತ್ತೇ ಜಾಸ್ತಿ ಇರತ್ತೆ.

ಜಪಾನಿನ ಇಂಜಿನಿಯರ್ ಶಿಗೆಯೋ ಶಿಂಗೋ ಇಡೀ ವಿಷಯಾನ ನಿಲ್ಲಿಸಿದ್ದು ಇಲ್ಲೇ. ಮಷೀನ್ ನಿಂತಾಗ ಮಾತ್ರ ಮಾಡೋಕಾಗೋ ಕೆಲಸ ಯಾವುದು, ಓಡ್ತಿರುವಾಗಲೇ ಮುಗಿಸಿಡಬಹುದಾದ ಕೆಲಸ ಯಾವುದು ಅಂತ ಬೇರೆ ಮಾಡಿ ಅಂದ್ರು. 1969ರಲ್ಲಿ ಟೊಯೋಟಾದ 1000 ಟನ್ ಪ್ರೆಸ್‌ನಲ್ಲಿ ಡೈ ಬದಲಾಯಿಸೋಕೆ ನಾಲ್ಕು ಗಂಟೆ ಹಿಡೀತಿತ್ತು, ಮೊದಲು ಒಂದೂವರೆ ಗಂಟೆಗೆ ಇಳಿಸಿದ್ರು, ಆಮೇಲೆ ಮೂರು ನಿಮಿಷಕ್ಕೆ. ಸೆಮಿನಾರ್‌ಗಳಲ್ಲಿ ಈ ಮೂರು ನಿಮಿಷದ ಸ್ಲೈಡ್‌ಗೆ ಎಲ್ಲರೂ ಫೋಟೋ ತೆಗೀತಾರೆ, ಆದ್ರೆ ನಮಗೆ ಬೇಕಾಗಿರೋದು ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ ಬಂದ ಮೊದಲ ಹೆಜ್ಜೆ. ಅದರಲ್ಲಿ ಹೆಚ್ಚಿನ ಪಾಲು ದುಡ್ಡು ಕೇಳಲ್ಲ. ಮುಂದಿನ ಜಾಬ್‌ನ ಟೂಲು, ಜಾ, ಗೇಜು, ಡ್ರಾಯಿಂಗು ಒಂದು ಟ್ರಾಲೀಲಿ ಮೊದಲೇ ಮಷೀನ್ ಪಕ್ಕ ಬಂದು ನಿಂತಿರ್ಬೇಕು. ಬೋರ್ ಮಾಡಿದ ಜಾ ಸೆಟ್‌ಗೆ ಪಾರ್ಟ್ ನಂಬರ್ ಪಂಚ್ ಮಾಡಿ ಎತ್ತಿಡಿ, ಮತ್ತೆ ಹಾಕಿದಾಗ ಸ್ವಲ್ಪ ಸ್ಕಿಮ್ ಮಾಡ್ಬೇಕಾಗ್ಬಹುದು, ಆದ್ರೂ ಹೊಸದಾಗಿ ಮಾಡೋದಕ್ಕಿಂತ ಎಷ್ಟೋ ಮೇಲು. ಇನ್ನು ಕ್ಯೂಸಿ ವಿಷಯದಲ್ಲಿ ಒಂದೇ ನಿಯಮ ಸಾಕು: ಫಸ್ಟ್ ಪೀಸ್ ಬಂದ್ರೆ ಬೇರೆ ಕೆಲಸ ಪಕ್ಕಕ್ಕೆ.

ಇಷ್ಟು ಮಾಡಿ, ಉಳಿದ ನಿಮಿಷಗಳನ್ನ ಒಂದು ಹಾಳೇಲಿ ಬರ್ಕೊಂಡು ಆಮೇಲೆ ಇಮ್‌ಟೆಕ್ಸ್‌ಗೆ ಹೋಗಿ. ಆಗ ನೀವು ಸ್ಟಾಲಲ್ಲಿ ಕೇಳೋ ಪ್ರಶ್ನೆಯೇ ಬೇರೆ ಇರತ್ತೆ. ನನ್ನ ಸ್ಪಿಂಡಲ್ ನೋಸ್ (ಚಕ್ ಕೂರೋ ಮುಖ) ಎ2-6, ಡ್ರಾ ಟ್ಯೂಬ್ (ಚಕ್‌ನ ಜಾ ಎಳೆಯೋ ಕೊಳವೆ) ಸ್ಟ್ರೋಕ್ ಇಷ್ಟು, ಜಾ ಬದಲಾಯಿಸೋಕೆ ನನಗೆ ಇಷ್ಟು ನಿಮಿಷ ಆಗ್ತಿದೆ, ನಿಮ್ಮ ಕ್ವಿಕ್ ಚೇಂಜ್ ಚಕ್ ಇದಕ್ಕೆ ಕೂರತ್ತಾ, ಕೂತ್ರೆ ಎಷ್ಟು ನಿಮಿಷಕ್ಕೆ ಬರತ್ತೆ, ಇಲ್ಲೇ ಮಾಡಿ ತೋರಿಸ್ತೀರಾ? ಬಂದ ಒಂದು ವಾರದೊಳಗೆ ಒಂದೇ ಮಷೀನ್ ಮೇಲೆ ಒಂದೇ ಬದಲಾವಣೆ ಮಾಡಿ, ಒಂದು ತಿಂಗಳು ನೋಡಿ. ನಡೀಲಿಲ್ಲ ಅಂದ್ರೆ ಯಾಕೆ ನಡೀಲಿಲ್ಲ ಅಂತ ಅದೇ ಹಾಳೇಲಿ ಬರೀರಿ, ಅಪ್ಪಂಗೂ ತೋರಿಸಿ. ಕ್ಯಾಟಲಾಗ್ ಬ್ಯಾಗ್ ಅಲ್ಲ, ಈ ಹಾಳೆ ಎರಡು ವರ್ಷ ಜೋಪಾನವಾಗಿರ್ಬೇಕು.

ಪ್ರಶ್ನೆ: ಒಂದು ಕಾನ್ಫರೆನ್ಸ್‌ನಲ್ಲಿ ಇಂಡಸ್ಟ್ರಿ 4.0 ಬಗ್ಗೆ ಕೇಳ್ದೆ. ಎಲ್ಲ ಮಷೀನ್‌ಗೂ ಸೆನ್ಸರ್ ಹಾಕಿ, ಮೊಬೈಲಲ್ಲೇ ಓಇಇ (ಮಷೀನ್‌ನಿಂದ ಎಷ್ಟು ಪರ್ಸೆಂಟ್ ಒಳ್ಳೆ ಕೆಲಸ ಬಂತು ಅನ್ನೋ ಅಂಕಿ) ತೋರಿಸ್ತೀವಿ, ಪ್ರೊಡಕ್ಷನ್ ತಾನಾಗೇ ಏರತ್ತೆ ಅಂತ ಒಬ್ರು ಕೊಟೇಷನ್ ಕೊಟ್ಟಿದಾರೆ. ಹನ್ನೆರಡು ಮಷೀನ್‌ಗೆ ಹಾಕಿಸ್ಲಾ? (ಬೊಮ್ಮಸಂದ್ರ)

ಉತ್ತರ: ಈಗ್ಲೇ ಬೇಡ, ಒಂದು ತಿಂಗಳು ತಡೀರಿ. ಮೊದಲು ಓಇಇ ಲೆಕ್ಕ ನಿಮ್ಮ ಕೈಯಲ್ಲೇ ಒಮ್ಮೆ ಆಗ್ಲಿ. ಎಂಟು ಗಂಟೆ ಶಿಫ್ಟಲ್ಲಿ ಊಟ ಕಳೆದು 450 ನಿಮಿಷ ಮಷೀನ್ ಓಡ್ಬೇಕು ಅಂತಿಟ್ಕೊಳ್ಳಿ. ಸೆಟ್ಟಿಂಗು, ಬ್ರೇಕ್‌ಡೌನು, ಮೆಟೀರಿಯಲ್ ಇಲ್ಲ ಅಂತ 90 ನಿಮಿಷ ನಿಂತ್ರೆ ಓಡಿದ್ದು 360, ಅಂದ್ರೆ 80 ಪರ್ಸೆಂಟ್. ಪೀಸ್‌ಗೆ 3 ನಿಮಿಷ ಸೈಕಲ್ ಟೈಮ್ ಆದ್ರೆ ಆ 360 ನಿಮಿಷಕ್ಕೆ 120 ಪೀಸ್ ಬರ್ಬೇಕಿತ್ತು, ಬಂದಿದ್ದು 102, ಅದು 85 ಪರ್ಸೆಂಟ್. ಆ 102ರಲ್ಲಿ ಒಳ್ಳೇದು 98, ಅದು 96 ಪರ್ಸೆಂಟ್. ಮೂರನ್ನೂ ಗುಣಿಸಿದ್ರೆ ಸುಮಾರು 65. ಇನ್ನೂ ಸುಲಭವಾಗಿ ನೋಡ್ಬೇಕಾ, 98 ಒಳ್ಳೆ ಪೀಸ್‌ಗೆ ನಿಜವಾಗಿ ಬೇಕಿದ್ದಿದ್ದು 294 ನಿಮಿಷ, ನೀವು ಸಂಬಳ, ಕರೆಂಟು, ಮಷೀನ್ ಲೋನ್ ಕಂತು ಎಲ್ಲ ಕಟ್ಟಿದ್ದು 450 ನಿಮಿಷಕ್ಕೆ. ಮಿಕ್ಕ 156 ನಿಮಿಷ ಎಲ್ಲಿ ಹೋಯ್ತು ಅನ್ನೋದೇ ಪ್ರಶ್ನೆ.

ಸೆನ್ಸರ್ ಏನು ಮಾಡತ್ತೆ ಅಂದ್ರೆ ಮಷೀನ್ ಎಳೀತಿರೋ ಕರೆಂಟ್ ನೋಡಿಯೋ, ಮೇಲಿರೋ ಕೆಂಪು-ಹಳದಿ-ಹಸಿರು ಲ್ಯಾಂಪ್ ನೋಡಿಯೋ ಮಷೀನ್ ನಿಂತಿದೆ ಅಂತ ಹೇಳತ್ತೆ, ಎಷ್ಟು ಹೊತ್ತು ಅಂತಾನೂ ಸರಿಯಾಗಿ ಹೇಳತ್ತೆ. ಯಾಕೆ ನಿಂತಿದೆ ಅಂತ ಹೇಳ್ಬೇಕಾದವರು ಆಪರೇಟರೇ, ಅವರು ಟ್ಯಾಬ್‌ನಲ್ಲಿ ಕಾರಣ ಒತ್ತಬೇಕು. ಒತ್ತಿ ಪ್ರಯೋಜನ ಇದೆ ಅಂತ ಅವರಿಗೆ ಅನ್ನಿಸದಿದ್ರೆ ಎಲ್ಲದಕ್ಕೂ "ಇತರೆ" ಅಂತಲೇ ಒತ್ತಿ ಮುಂದೆ ಹೋಗ್ತಾರೆ, ನಿಮ್ಮ ಮೊಬೈಲಲ್ಲಿ ಬಣ್ಣ ಬಣ್ಣದ ಗ್ರಾಫ್ ಬರತ್ತೆ, ಕಾರಣ ಮಾತ್ರ ಇರಲ್ಲ. ಅದಕ್ಕೇ ಹೇಳೋದು, ನಿಮ್ಮ ಮೂರು ಮುಖ್ಯ ಮಷೀನ್‌ಗೆ ಒಂದೊಂದು ವೈಟ್ ಬೋರ್ಡ್ ತಗಲಾಕಿ, ಗಂಟೆಗೆ ಎಷ್ಟು ಬರ್ಬೇಕು, ಎಷ್ಟು ಬಂತು, ಕಮ್ಮಿ ಆಗಿದ್ರೆ ಯಾಕೆ ಅಂತ ಆಪರೇಟರ್ ಕೈಯಿಂದಲೇ ಬರೆಸಿ. ದಿನಾ ನೀವೇ ಹೋಗಿ ಓದಿ, ಅವರು ಬರೆದ ಕಾರಣಗಳಲ್ಲಿ ವಾರಕ್ಕೆ ಒಂದನ್ನಾದ್ರೂ ಸರಿ ಮಾಡಿ ತೋರಿಸಿ. ಬರೆದ್ರೆ ಕೆಲಸ ಆಗತ್ತೆ ಅನ್ನೋ ನಂಬಿಕೆ ಬಂದ ಶಾಪಲ್ಲಿ ಸೆನ್ಸರ್ ನಿಜವಾಗ್ಲೂ ತುಂಬಾ ಸಹಾಯ ಮಾಡತ್ತೆ, ಯಾಕಂದ್ರೆ ಕೈಬರಹದಲ್ಲಿ ತಪ್ಪಿಹೋಗೋ ಎರಡು ಮೂರು ನಿಮಿಷದ ಸಣ್ಣ ಸಣ್ಣ ನಿಲುಗಡೆನೂ ಅದು ಹಿಡಿಯತ್ತೆ. ಆಗ ಎರಡು ಮಷೀನ್‌ಗೆ ಹಾಕಿಸಿ ಶುರು ಮಾಡಿ.

ಇನ್ನೊಂದು ಮಾತು. ಓಇಇ 85 ಪರ್ಸೆಂಟ್ ಇರ್ಬೇಕು ಅಂತ ವೇದಿಕೆ ಮೇಲೆ ಎಲ್ಲರೂ ಹೇಳ್ತಾರಲ್ಲ, ಅದು ಟಿಪಿಎಂ (ಎಲ್ಲರೂ ಸೇರಿ ಮಷೀನ್ ನೋಡ್ಕೊಳ್ಳೋ ಪದ್ಧತಿ) ರೂಪಿಸಿದ ಸೆಯಿಚಿ ನಕಾಜಿಮ ಅವರಿಂದ ಬಂದಿದ್ದು, ಮೇಲಿನ ಮೂರು ಲೆಕ್ಕ 90, 95, 99 ಪರ್ಸೆಂಟ್ ಇದ್ದು ಗುಣಿಸಿದ್ರೆ ಸಿಗೋ ಅಂಕಿ. ಒಂದೇ ಪಾರ್ಟ್ ದಿನಗಟ್ಲೆ ಓಡಿಸೋ ಲೈನ್‌ಗೆ ಅದು ಸರಿ, ದಿನಕ್ಕೆ ಮೂರು ಸೆಟ್ಟಿಂಗ್ ಮಾಡೋ ಜಾಬ್ ವರ್ಕ್ ಶಾಪ್‌ಗೆ ಅದನ್ನ ಟಾರ್ಗೆಟ್ ಅಂತ ಇಟ್ರೆ ಹುಡುಗರು ದೊಡ್ಡ ಬ್ಯಾಚ್ ಓಡಿಸಿ ಅಂಕಿ ಏರಿಸ್ತಾರೆ, ಸ್ಟಾಕ್ ಗೋಡೌನಲ್ಲಿ ಬಿದ್ದಿರತ್ತೆ. ನಿಮ್ಮ ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ, ಅಷ್ಟು ಸಾಕು.

ಪ್ರಶ್ನೆ: ಸರ್, ನಾನು ಪ್ರೊಡಕ್ಷನ್ ಸೂಪರ್‌ವೈಸರ್. ನಮ್ಮ ಸಾಹೇಬ್ರು ತುಂಬಾ ಒಳ್ಳೆಯವರು, ಕಲಿಯೋ ಆಸೆ ಇರೋರು, ಆದ್ರೆ ಒಂದೊಂದು ಸಮ್ಮೇಳನಕ್ಕೆ ಹೋಗಿ ಬಂದಾಗಲೂ ಹೊಸದೊಂದು ಶುರು ಮಾಡಿಸ್ತಾರೆ. ಮೊದಲು 5ಎಸ್ (ಜಾಗ ಅಚ್ಚುಕಟ್ಟಾಗಿಡೋ ಪದ್ಧತಿ), ಆಮೇಲೆ ಕೈಜನ್ ಬಾಕ್ಸ್ (ಸುಧಾರಣೆ ಸಲಹೆ ಹಾಕೋ ಪೆಟ್ಟಿಗೆ), ಆಮೇಲೆ ಕಾನ್ಬಾನ್ (ಬೇಕಾದಷ್ಟೇ ಮಾಡಿಸೋ ಕಾರ್ಡ್ ಪದ್ಧತಿ). ಯಾವುದೂ ಮೂರು ತಿಂಗಳು ದಾಟಲ್ಲ. ಕೆಲಸಗಾರರು "ಇದೂ ಹೋಗತ್ತೆ ಬಿಡಿ ಅಣ್ಣ" ಅಂತಾರೆ. ನಾನು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿದೀನಿ. (ಮೈಸೂರು)

ಉತ್ತರ: ನಿಮ್ಮ ಪತ್ರ ಓದಿ ನಿಮ್ಮ ಮೇಲೂ ಗೌರವ ಬಂತು, ನಿಮ್ಮ ಸಾಹೇಬರ ಮೇಲೂ ಬಂತು. ಕಲಿಯೋಕೆ ಹೋಗೋ ಮಾಲೀಕರು ಸಿಗೋದು ಕಷ್ಟ, ಅವರ ಉತ್ಸಾಹ ತಣ್ಣಗಾಗೋ ಹಾಗೆ ಏನೂ ಮಾಡ್ಬೇಡಿ. ಆದ್ರೆ ಕೆಲಸಗಾರರ ಆ ಮಾತನ್ನ ಸೋಮಾರಿತನ ಅಂತಲೂ ತಿಳ್ಕೊಬೇಡಿ. ಕೈಜನ್ ಬಾಕ್ಸ್‌ಗೆ ಚೀಟಿ ಹಾಕಿದವರಿಗೆ ಉತ್ತರ ಬಂದಿತ್ತಾ? ಬಂದಿಲ್ಲ ಅಂದ್ರೆ ಮುಂದಿನ ಸಲ ಅವರು ಚೀಟಿ ಯಾಕೆ ಹಾಕ್ತಾರೆ?

ಇದಕ್ಕೆ ಅಮೆರಿಕದ ಕ್ವಾಲಿಟಿ ತಜ್ಞ ಡೆಮಿಂಗ್ ಅವರ ಕತೆ ಹೇಳ್ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸಾವಿರಾರು ಇಂಜಿನಿಯರ್‌ಗಳಿಗೆ ಅಂಕಿಅಂಶ ಬಳಸಿ ಕ್ವಾಲಿಟಿ ನೋಡೋದನ್ನ ಕಲಿಸಿದ್ರು, ಯುದ್ಧ ಮುಗಿದ್ಮೇಲೆ ಅದೆಲ್ಲ ಆರಿಹೋಯ್ತು. ಕಲಿತವರು ಇಂಜಿನಿಯರ್‌ಗಳು, ನಿರ್ಧಾರ ಮಾಡೋ ಮೇಲಿನವರಿಗೆ ಅದರ ಅರ್ಥವೇ ಆಗಿರ್ಲಿಲ್ಲ ಅಂತ ಅವರೇ ಆಮೇಲೆ ಹೇಳಿದಾರೆ. ಅದಕ್ಕೇ 1950ರಲ್ಲಿ ಜಪಾನಿನ ಜ್ಯೂಸ್ ಸಂಸ್ಥೆ, ಅಂದ್ರೆ ಅಲ್ಲಿನ ವಿಜ್ಞಾನಿ-ಇಂಜಿನಿಯರ್‌ಗಳ ಒಕ್ಕೂಟ, ಕರೆಸಿದಾಗ ಇಂಜಿನಿಯರ್‌ಗಳ ಜೊತೆ ಕಂಪನಿ ಮುಖ್ಯಸ್ಥರ ಮುಂದೆಯೂ ಮಾತಾಡಿದ್ರು. ಅಲ್ಲಿ ಬೇರು ಬಿಡ್ತು, ಮುಂದಿನ ವರ್ಷವೇ ಅವರ ಹೆಸರಲ್ಲಿ ಪ್ರಶಸ್ತಿ ಶುರುವಾಯ್ತು. 1998ರಲ್ಲಿ ಚೆನ್ನೈನ ಸುಂದರಂ ಕ್ಲೇಟನ್‌ನ ಬ್ರೇಕ್ ವಿಭಾಗ ಆ ಪ್ರಶಸ್ತಿ ತಗೊಂಡ ಮೊದಲ ಭಾರತೀಯ ಕಂಪನಿ.

ನಿಮ್ಮಲ್ಲಿ ಆಗ್ತಿರೋದು ಇದರ ತಿರುಗುಮುರುಗು. ಮೇಲಿನವರು ಕೇಳಿ ಬರ್ತಾರೆ, ಕೆಳಗಿನವರು ಏನನ್ನೂ ಕೇಳಿರಲ್ಲ. ಹಾಗಾಗಿ ಸಾಹೇಬ್ರನ್ನ ಎರಡು ವಿಷಯ ಕೇಳ್ಕೊಳ್ಳಿ, ಎಲ್ಲರ ಮುಂದೆ ಅಲ್ಲ, ಅವರ ರೂಮಲ್ಲಿ, ಅವರು ಟೀ ಕುಡೀತಾ ನಿರಾಳವಾಗಿರೋ ಹೊತ್ತಲ್ಲಿ. ಮುಂದಿನ ಸಲ ನನ್ನನ್ನೂ ಒಬ್ಬ ಸೀನಿಯರ್ ಆಪರೇಟರ್‌ನೂ ಜೊತೇಲಿ ಕರ್ಕೊಂಡು ಹೋಗಿ ಸರ್ ಅನ್ನೋದು ಒಂದು. ದಿನದ ಕೂಲಿ ಲೆಕ್ಕ ಹಾಕಿದ್ರೆ ದೊಡ್ಡ ಖರ್ಚಲ್ಲ ಅದು, ಆಪರೇಟರ್ ಕಣ್ಣಿಗೆ ಬೀಳೋದು ಮಾಲೀಕರ ಕಣ್ಣಿಗೆ ಬೀಳಲ್ಲ, ಮೇಲಾಗಿ ವಾಪಸ್ ಬಂದು ಊಟದ ಹೊತ್ತಲ್ಲಿ ಉಳಿದವರಿಗೆ ಅವರು ಹೇಳೋ ಮಾತಿಗೆ ಇರೋ ತೂಕ ಯಾವ ಸರ್ಕ್ಯುಲರ್‌ಗೂ ಇಲ್ಲ. ಇನ್ನೊಂದು, ಹೊಸದು ಶುರು ಮಾಡೋಕ್ಮುಂಚೆ ಹಳೇದು ಎಲ್ಲಿ ನಿಂತಿದೆ ಅಂತ ಹತ್ತು ನಿಮಿಷ ನೋಡೋಣ ಸರ್ ಅನ್ನೋದು. ಅದಕ್ಕೆ ನೀವು ಸಿದ್ಧವಾಗಿರ್ಬೇಕು. 5ಎಸ್‌ನಿಂದ ನಿಮ್ಮ ಸೆಕ್ಷನ್ನಲ್ಲಿ ಉಳಿದಿರೋದು ಏನು, ಬಿದ್ದಿದ್ದು ಏನು, ಯಾಕೆ ಬಿತ್ತು, ಒಂದು ಪುಟ. ಅವರು ಕೋಪ ಮಾಡ್ಕೊಳ್ತಾರೆ ಅಂತ ನನಗನ್ನಿಸಲ್ಲ, ಕಲಿಯೋ ಮನಸ್ಸಿರೋರು ಇದನ್ನ ಕೇಳ್ತಾರೆ. ಮತ್ತೆ ಆ ಕೈಜನ್ ಬಾಕ್ಸ್‌ನ ಬೀಗ ತೆಗೆಸಿ, ಒಳಗಿರೋ ಚೀಟಿಗಳಿಗೆ ಒಂದೊಂದಾಗಿ ಉತ್ತರ ಕೊಡಿ, ಆಗಲ್ಲ ಅನ್ನೋದಕ್ಕೂ ಕಾರಣ ಕೊಡಿ. ಬೇರೆ ಎಲ್ಲದಕ್ಕಿಂತ ಮೊದಲು ಇದನ್ನ ಮಾಡಿ.

ಪ್ರಶ್ನೆ: ನಮಸ್ಕಾರ್ರೀ ಸರ. ನಮ್ದು ಉದ್ಯಮಬಾಗದಾಗ ಗ್ರೇ ಐರನ್ ಫೌಂಡ್ರಿ ಐತ್ರಿ. ಫೌಂಡ್ರಿ ಕಾಂಗ್ರೆಸ್ಸಿಗೆ ಹೋದಾಗ ಒಬ್ರು ಪೇಪರ್ ಓದಿದ್ರು, ಸ್ಯಾಂಡ್ ಕಂಟ್ರೋಲ್ ಮಾಡಿ ರಿಜೆಕ್ಷನ್ ಭಾಳ ಇಳಿಸೀವಿ ಅಂತ. ಅವ್ರು ಹೇಳಿದ ಮಾಯಿಶ್ಚರು, ಬೆಂಟೊನೈಟು (ಮರಳು ಕೂಡಿಸೋ ಜೇಡಿಮಣ್ಣು) ಎಲ್ಲಾ ಹಂಗ ಇಟ್ವಿ. ಬ್ಲೋಹೋಲ್ (ಕಾಸ್ಟಿಂಗ್‌ನಾಗ ಗಾಳಿ ತೂತು) ಕಮ್ಮಿ ಆಗ್ಲಿಲ್ರಿ, ಹೆಚ್ಚಾತು. ಏನ್ ತಪ್ಪೇತ್ರಿ? (ಬೆಳಗಾವಿ)

ಉತ್ತರ: ನೀವು ಅವರ ಅಂಕಿ ತಂದ್ರಿ, ಅವರ ಪದ್ಧತಿ ಅಲ್ಲೇ ಉಳೀತು. ಅವರ ಮರಳಿನ ಕಾಳು ಬೇರೆ, ಬೆಂಟೊನೈಟ್ ಬೇರೆ, ಅದರಲ್ಲಿ ಸುಟ್ಟು ಸತ್ತ ಕ್ಲೇ ಎಷ್ಟಿತ್ತೋ ಅದೂ ಬೇರೆ. ಸತ್ತ ಕ್ಲೇ, ಧೂಳು ಎಲ್ಲ ನೀರು ಕುಡಿಯತ್ತೆ ಆದ್ರೆ ಬಿಗಿ ಕೊಡಲ್ಲ, ಹಾಗಾಗಿ ಮೂರೂವರೆ ಪರ್ಸೆಂಟ್ ಮಾಯಿಶ್ಚರ್ ಅನ್ನೋದು ಅವರ ಮರಳಿಗೆ ಹದ ಆಗಿದ್ರೆ ನಿಮ್ಮದಕ್ಕೆ ಹಸಿ ಆಗಿರ್ಬಹುದು, ಹಸಿ ಆದ್ರೆ ಸ್ಟೀಮ್ ಜಾಸ್ತಿ, ಬ್ಲೋಹೋಲ್ ಜಾಸ್ತಿ. ಅದಕ್ಕೇ ನೀರನ್ನ ಮಾಯಿಶ್ಚರ್ ಅಂಕಿ ನೋಡಿ ಹಾಕೋ ಬದಲು ಕಂಪ್ಯಾಕ್ಟೆಬಿಲಿಟಿ (ಮರಳು ಒತ್ತಿದ್ರೆ ಎಷ್ಟು ಪರ್ಸೆಂಟ್ ಕುಗ್ಗತ್ತೆ ಅನ್ನೋದು) ನೋಡಿ ಹಾಕಿ, ಸಾಮಾನ್ಯವಾಗಿ 40ರ ಆಸುಪಾಸಿನಿಂದ ಶುರು ಮಾಡಿ ನಿಮ್ಮ ಮೋಲ್ಡಿಂಗ್‌ಗೆ ತಕ್ಕ ಹಾಗೆ ಹದ ಹುಡುಕ್ಕೊಳ್ಳಿ. ಮಿಥಿಲೀನ್ ಬ್ಲೂ ಟೆಸ್ಟ್ ಮಾಡಿದ್ರೆ ಕೆಲಸ ಮಾಡೋ ಕ್ಲೇ ಎಷ್ಟಿದೆ ಅಂತ ಗೊತ್ತಾಗತ್ತೆ.

ಮತ್ತೊಂದು, ವಾಪಸ್ ಬರೋ ಮರಳಿನ ಶಾಖ ನೋಡಿದೀರಾ? 50 ಡಿಗ್ರಿ ದಾಟಿದ್ರೆ ಅದು ಹಾಟ್ ಸ್ಯಾಂಡ್. ಮಿಕ್ಸರ್‌ನಲ್ಲಿ ಹಾಕಿದ ನೀರು ಮೋಲ್ಡಿಂಗ್ ತಲುಪೋ ಹೊತ್ತಿಗೆ ಆರಿರತ್ತೆ, ಆಪರೇಟರ್ ಒಣಗಿದೆ ಅಂತ ಇನ್ನಷ್ಟು ನೀರು ಹಾಕ್ತಾರೆ, ಬಿಸಿ ಮರಳು ತಣ್ಣನೆ ಪ್ಯಾಟರ್ನ್‌ಗೆ ಅಂಟ್ಕೊಳ್ಳತ್ತೆ, ತಣ್ಣನೆ ಕೋರ್ ಮೇಲೆ ಬೆವರು ಕೂರತ್ತೆ. ಏಪ್ರಿಲ್ ಮೇನಲ್ಲಿ, ಅದೂ ಮಧ್ಯಾಹ್ನದ ಮೇಲೆ ಇದು ಹೆಚ್ಚು. ಹದಿನೈದು ದಿನ ಪ್ರತಿ ಎರಡು ಗಂಟೆಗೊಮ್ಮೆ ಮರಳಿನ ಶಾಖ, ಕಂಪ್ಯಾಕ್ಟೆಬಿಲಿಟಿ ಬರೆದಿಡಿ, ಯಾವ ಹೊತ್ತಿನ ಬಾಕ್ಸ್‌ನಲ್ಲಿ ಬ್ಲೋಹೋಲ್ ಬಂತು ಅಂತ ಕಾಸ್ಟಿಂಗ್ ಮೇಲೆ ಪೇಂಟಲ್ಲಿ ಗಂಟೆ ಬರೆದು ಹೊಂದಿಸಿ ನೋಡಿ. ಮರಳಿನ ಅಂಕಿ ಏರಿಳಿದ್ರೂ ಬ್ಲೋಹೋಲ್ ಎಲ್ಲ ಹೊತ್ತಲ್ಲೂ ಒಂದೇ ತರ ಬರ್ತಿದ್ರೆ ಕೋರು, ವೆಂಟು, ಮೆಟಲ್ ಟೆಂಪರೇಚರ್ ಕಡೆ ತಿರುಗಿ. ಪೇಪರ್ ಓದಿದವರು ಇಂಥದ್ದನ್ನ ತಿಂಗಳುಗಟ್ಲೆ ಮಾಡಿರ್ತಾರೆ, ವೇದಿಕೆ ಮೇಲೆ ಹದಿನೈದು ನಿಮಿಷದಲ್ಲಿ ಹೇಳೋಕಾಗೋದು ಕೊನೆಯ ಅಂಕಿ ಮಾತ್ರ. ಮುಂದಿನ ಸಲ ಪೇಪರ್ ಮುಗಿದ್ಮೇಲೆ ಅವರನ್ನ ಊಟದ ಹೊತ್ತಲ್ಲಿ ಹಿಡ್ದು, ಮೊದಲು ಏನು ಅಳೆದ್ರಿ, ಯಾವುದು ಕೈಕೊಡ್ತು ಅಂತ ಕೇಳಿ. ಖುಷಿಯಿಂದ ಹೇಳ್ತಾರೆ.

ಪ್ರಶ್ನೆ: ಲೀನ್ (ವ್ಯರ್ಥ ಕಮ್ಮಿ ಮಾಡೋ ಪದ್ಧತಿ) ಕನ್ಸಲ್ಟೆಂಟ್ ಇಟ್ಕೊಳ್ಳೋಕೆ ಸರ್ಕಾರದ ಸಹಾಯ ಇದೆ ಅಂತ ಸೆಮಿನಾರ್‌ನಲ್ಲಿ ಕೇಳ್ದೆ. ನಿಜವಾ? (ಶಿವಮೊಗ್ಗ)

ಉತ್ತರ: ನಿಜ ಮೇಡಂ. ಕೇಂದ್ರದ ಎಂಎಸ್‌ಎಂಇ ಲೀನ್ ಯೋಜನೆ 2023ರಲ್ಲಿ ಹೊಸ ರೂಪದಲ್ಲಿ ಬಂತು, ಬೇಸಿಕ್, ಇಂಟರ್‌ಮೀಡಿಯಟ್, ಅಡ್ವಾನ್ಸ್ಡ್ ಅಂತ ಮೂರು ಹಂತ, ಕನ್ಸಲ್ಟೆಂಟ್ ಖರ್ಚಿನ 90 ಪರ್ಸೆಂಟ್ ಸರ್ಕಾರದ್ದು ಅಂತ ಘೋಷಿಸಿದ್ರು. ಝೆಡ್ (ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಯ) ಸರ್ಟಿಫಿಕೇಟ್‌ಗೂ ಸಬ್ಸಿಡಿ ಇದೆ. ಉದ್ಯಮ್ ರಿಜಿಸ್ಟ್ರೇಷನ್ ಇರ್ಲೇಬೇಕು. ಅರ್ಜಿ ಹಾಕೋ ದಿನ ಪೋರ್ಟಲ್‌ನಲ್ಲಿ ಆಗಿನ ನಿಯಮ ನೋಡ್ಕೊಳ್ಳಿ. ಕನ್ಸಲ್ಟೆಂಟ್ ಆರಿಸುವಾಗ, ವಾರಕ್ಕೆ ಎಷ್ಟು ಗಂಟೆ ಮಷೀನ್ ಹತ್ರ ನಿಂತಿರ್ತೀರಿ ಅಂತ ಮೊದಲೇ ಕೇಳಿ.

ಪ್ರಶ್ನೆ: ಹೊಸ ಮಷೀನ್‌ಗೆ, ಸಾಫ್ಟ್‌ವೇರ್‌ಗೆ ನಮ್ಮ ಹತ್ರ ದುಡ್ಡಿಲ್ರಿ. ಎಕ್ಸಿಬಿಷನ್‌ನಾಗ ನೋಡಿದ್ರಾಗ ಕಮ್ಮಿ ಖರ್ಚಿನಾಗ ಮಾಡೋವಂಥದ್ದು ಏನರ ಐತೇನ್ರಿ? (ತಾರಿಹಾಳ, ಹುಬ್ಬಳ್ಳಿ)

ಉತ್ತರ: ಇದೆ. ಕೂಲೆಂಟ್, ಅಂದ್ರೆ ಕಡಿಯುವಾಗ ಸುರಿಯೋ ಆಯಿಲ್-ನೀರಿನ ಮಿಶ್ರಣ. ದೊಡ್ಡ ಸ್ಟಾಲ್‌ಗಳ ಮಧ್ಯೆ ಕೂಲೆಂಟ್‌ನವರ ಸ್ಟಾಲ್‌ನಲ್ಲಿ ಒಂದು ಸಣ್ಣ ರಿಫ್ರಾಕ್ಟೋಮೀಟರ್ ಇಟ್ಟಿರ್ತಾರೆ, ಕೈಯಲ್ಲಿ ಹಿಡಿಯೋ ದುರ್ಬೀನು ತರ, ಕೆಲವೇ ಸಾವಿರಕ್ಕೆ ಸಿಗತ್ತೆ. ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದ್ರೆ ಒಂದು ಗೆರೆ ಕಾಣತ್ತೆ, ಆ ರೀಡಿಂಗ್‌ನ ನಿಮ್ಮ ಆಯಿಲ್‌ನ ಫ್ಯಾಕ್ಟರ್‌ನಿಂದ ಗುಣಿಸ್ಬೇಕು. ರೀಡಿಂಗ್ 4, ಫ್ಯಾಕ್ಟರ್ 1.5 ಆದ್ರೆ ಕಾನ್ಸಂಟ್ರೇಷನ್ 6 ಪರ್ಸೆಂಟ್. ಫ್ಯಾಕ್ಟರ್ ಡೇಟಾ ಶೀಟಲ್ಲಿ ಇರತ್ತೆ, ಎಷ್ಟೋ ಕಡೆ ಅದನ್ನ ಗುಣಿಸೋದನ್ನೇ ಬಿಟ್ಟಿರ್ತಾರೆ.

ಟ್ಯಾಂಕಿಂದ ಆವಿಯಾಗಿ ಹೋಗೋದು ನೀರು, ಆಯಿಲ್ ಅಲ್ಲ, ಹಾಗಂತ ಬರೀ ನಲ್ಲಿ ನೀರು ಸುರಿತಾ ಹೋದ್ರೆ ಕ್ರಮೇಣ ತೆಳ್ಳಗಾಗತ್ತೆ, ಯಾಕಂದ್ರೆ ಜಾಬ್‌ಗೂ ಚಿಪ್ಸ್‌ಗೂ ಅಂಟಿ ಆಯಿಲ್ಲೂ ಹೊರಗೆ ಹೋಗ್ತಿರತ್ತೆ. ತೆಳ್ಳಗಾದ್ರೆ ಮಷೀನ್ ಬೆಡ್ ತುಕ್ಕು, ಇನ್ಸರ್ಟ್ ಬೇಗ ಸವೆತ. ಅದಕ್ಕೆ ಟಾಪ್‌ಅಪ್‌ಗೆ ಒಂದೆರಡು ಪರ್ಸೆಂಟ್ ಮಿಶ್ರಣವನ್ನೇ ಹಾಕಿ, ಬೆರೆಸುವಾಗ ನೀರಿಗೆ ಆಯಿಲ್ ಹಾಕ್ಬೇಕು, ಆಯಿಲ್‌ಗೆ ನೀರು ಹಾಕ್ಬಾರ್ದು. ಬೋರ್‌ವೆಲ್ ನೀರು ಗಡುಸಾಗಿದ್ರೆ ಕೂಲೆಂಟ್ ಒಡೆಯತ್ತೆ, ಮಳೆನೀರೋ ಆರ್‌ಒ ನೀರೋ ಬೆರೆಸಿ ನೋಡಿ. ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಶೆಡ್ ಬಾಗಿಲು ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ ಬರತ್ತಾ? ಸ್ಲೈಡ್‌ವೇ ಆಯಿಲ್ ಮೇಲೆ ಪದರ ಕಟ್ಟಿ ಗಾಳಿ ಹೋಗ್ದಂಗೆ ಮುಚ್ಚಿರತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೆದಿರತ್ತೆ. ಶನಿವಾರ ಸಂಜೆ ಮನೆಗೆ ಹೋಗೋಕ್ಮುಂಚೆ ಆ ಪದರ ತೆಗೆಸಿ. ಹುಡುಗರ ಕೈಮೇಲೆ ತುರಿಕೆ, ಗುಳ್ಳೆ ಬರೋದಕ್ಕೂ ಕೆಟ್ಟ ಕೂಲೆಂಟ್, ಅತಿ ಗಟ್ಟಿ ಕೂಲೆಂಟ್ ಕಾರಣ ಆಗತ್ತೆ, ಇದನ್ನ ಖಂಡಿತ ಹಗುರವಾಗಿ ತಗೋಬೇಡಿ. ಪ್ರತಿ ಮಷೀನ್ ಪಕ್ಕ ಒಂದು ಹಾಳೆ, ವಾರಕ್ಕೆ ಎರಡು ಸಲ ರೀಡಿಂಗ್, ತೆಗೆಯೋರು ಆ ಮಷೀನ್‌ನ ಆಪರೇಟರೇ. ಜೊತೆಗೆ ಇನ್ಸರ್ಟ್ ಎಷ್ಟು ಪೀಸ್‌ಗೆ ಬದಲಾಯಿಸಿದ್ರು ಅಂತ ಅದೇ ಹಾಳೇಲಿ ಬರೆಸಿ, ಎರಡು ತಿಂಗಳಾದ್ಮೇಲೆ ಆ ಹಾಳೆಗಳನ್ನ ನಮಗೂ ಕಳಿಸಿ, ನೋಡಿ ಮುಂದಿನದನ್ನ ಬರೀತೀನಿ.